ಹಾಜರಿಯ ಕೋಟು

ನಾಯಿಯ ಕುತ್ತಿಗೆಗೆ ಟೇಪು ಸುತ್ತುವಾಗ ಟೈಲರಮ್ಮನ ಕೈ ಎರಡು ಸಲ ಜಾರಿತು. ಕಂಚಿನ ನಾಯಿ. ಅಲುಗಾಡುವುದಿಲ್ಲ, ಹೊಟ್ಟೆ ಒಳಗೆಳೆದುಕೊಂಡು ಸುಳ್ಳು ಅಳತೆ ಕೊಡುವುದಿಲ್ಲ, ಸ್ವಲ್ಪ ಲೂಸ್ ಇರಲಿ ಎಂದು ರಾಗ ಎಳೆಯುವುದಿಲ್ಲ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಇಂಥ ಗಿರಾಕಿ ಅವಳಿಗೆ ಸಿಕ್ಕಿರಲಿಲ್ಲ. ಆದರೂ ಕೈ ಜಾರಿತು.

"ಏನಕ್ಕಾ, ಕುತ್ತಿಗೆ ಅಳತೆ ಯಾಕೆ? ಕಾಲರ್ ಇಡ್ತೀರೇನು?" ಪ್ರತಿಮೆ ಮಾಡಿದವನು ಬ್ರಷ್ಷಿನಿಂದ ನಾಯಿಯ ಕಿವಿಸಂದಿಯ ಧೂಳು ತೆಗೆಯುತ್ತ ಕೇಳಿದ.

"ಕಿವಿಗೆ ಬಟ್ಟೆ ಸಿಕ್ಕಿಕೊಳ್ಳಬಾರ್ದಲ್ಲಪ್ಪ. ಒಂದೇ ಎಳೆತಕ್ಕೆ ಜಾರಿ ಬೀಳ್ಬೇಕಂತೆ. ಮೇಷ್ಟ್ರ ಆರ್ಡರು."

ಪ್ರತಿಮೆ ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮೇಷ್ಟ್ರು. ಹಿಂದೊಮ್ಮೆ ಗ್ರಂಥಾಲಯದ ಉದ್ಘಾಟನೆಯಲ್ಲಿ ಪರದೆ ಒಂದು ಮೊಳೆಗೆ ಸಿಕ್ಕಿ, ಅತಿಥಿಗಳು ಕೈಯಲ್ಲಿ ಹಗ್ಗ ಹಿಡಿದು ಕಾಲು ಗಂಟೆ ನಿಂತಿದ್ದರು. ಏಣಿ ತರಲು ಹೋದವನು ಬರಲೇ ಇಲ್ಲ. ಆ ಅವಮಾನ ಮೇಷ್ಟ್ರ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಅದಕ್ಕೇ ಈ ಸಲ ಪ್ರತಿಮೆಯ ಅನಾವರಣಕ್ಕೆ ಸುಮ್ಮನೆ ಬಟ್ಟೆ ಹೊದಿಸುವುದು ಬೇಡ, ಅಳತೆ ತೆಗೆದು ಹೊಲಿಸೋಣ ಎಂದು ತೀರ್ಮಾನವಾಗಿತ್ತು. ಹೊಲಿಯುವುದು ಯಾರು ಎಂದು ಯಾರೂ ಕೇಳಲಿಲ್ಲ. ನಾಯಿಗೆ ಕೋಟು ಹೊಲಿದವಳೇ ಪರದೆಯನ್ನೂ ಹೊಲಿಯಬೇಕು, ಅದರಲ್ಲೇನಿದೆ?

ಕೋಟನ್ನೂ ಕಂಚಿನಲ್ಲಿ ಮಾಡಿದ್ದ ಪುಣ್ಯಾತ್ಮ. ಬೆನ್ನಿನ ಮೇಲೆ ಬಟ್ಟೆಯ ಮಡಿಕೆ, ಹೊಟ್ಟೆಯ ಕೆಳಗೆ ಗುಂಡಿ, ಎರಡು ಪಕ್ಕೆಗೂ ಎರಡು ಪಟ್ಟಿ.

"ಪಟ್ಟಿ ನೋಡಿ ಅಕ್ಕ. ಮೈಯೆಲ್ಲ ಮಾಸಲು ಬಿಟ್ಟು ಅದಕ್ಕೆ ಮಾತ್ರ ಪಾಲಿಷ್ ಹೊಡೆದಿದೀನಿ. ಲೈಟ್ ಬಿದ್ರೆ ಹೊಳೀಬೇಕು. ನಿಮ್ಮ ಕೋಟು ಎದುರಿಗಿಟ್ಕೊಂಡೇ ಮಾಡಿದ್ದು."

"ಚೆನ್ನಾಗಿದೆ" ಎಂದಳು. ಅಳತೆ ಪುಸ್ತಕದಲ್ಲಿ ಬೆನ್ನಿನ ಉದ್ದ ಬರೆದಳೋ ಇಲ್ಲವೋ ಅವಳಿಗೇ ನೆನಪಿರಲಿಲ್ಲ. ಮತ್ತೆ ಟೇಪು ಹಿಡಿದಳು.

ಆ ನಾಯಿಗೆ ಹಾಜರಿ ಎಂದು ಹೆಸರಿಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ನಸುಕಿನಲ್ಲಿ ಹಾಲಿನ ಬೂತಿಗೆ ಹಾಜರು, ಶಾಲೆಯ ಗೇಟಿಗೆ ಹಾಜರು, ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲೂ ಹಾಜರು. ಯಾರ ಮನೆಯಲ್ಲಾದರೂ ಸಾವಾದರೆ ಹೇಳಿ ಕಳಿಸದೆ ಬರುತ್ತಿತ್ತು. ಬೊಗಳುತ್ತಿರಲಿಲ್ಲ, ಮೂಸುತ್ತಿರಲಿಲ್ಲ; ಚಪ್ಪಲಿಗಳ ಪಕ್ಕ ಕೂತು, ಕೊನೆಯವರು ಎದ್ದುಹೋದ ಮೇಲೆ ತಾನೂ ಎದ್ದುಹೋಗುತ್ತಿತ್ತು. ಟೈಲರಮ್ಮನ ಗಂಡ ತೀರಿಕೊಂಡಾಗಲೂ ಬಂದು ಕೂತಿತ್ತು. ಚಿಕ್ಕ ಮಕ್ಕಳನ್ನು ರಸ್ತೆ ದಾಟಿಸುತ್ತಿತ್ತು ಎನ್ನುವುದು ನಿಜ, ಅವಳೇ ಕಣ್ಣಾರೆ ನೋಡಿದ್ದಾಳೆ. ಕಳ್ಳನನ್ನು ಹಿಡಿದುಕೊಟ್ಟಿತ್ತು ಎನ್ನುವುದು ಸತ್ತ ಮೇಲೆ ಸೇರಿಕೊಂಡ ಮಾತು.

ಚಳಿಗಾಲದಲ್ಲಿ ಅಲ್ಲಿ ಮಂಜು ವಿಪರೀತ. ಬೂದು ಬಣ್ಣದ ನಾಯಿ ಬೂದು ಬಣ್ಣದ ರಸ್ತೆಯಲ್ಲಿ ಓಡಾಡಿದರೆ ಗಾಡಿಯವರಿಗೆ ಕಾಣುವುದು ಹೇಗೆ? ಹಾಲಿನ ಬೂತಿನ ಅಜ್ಜಿಗೆ ಆ ಚಿಂತೆ ಹತ್ತಿತು. ಕಿತ್ತಳೆ ಬಣ್ಣದ ಹಳೆಯ ರೇನ್‌ಕೋಟೊಂದನ್ನು ತಂದು ಟೈಲರಮ್ಮನ ಮಿಷನ್ನಿನ ಮೇಲೆ ಹಾಕಿ, "ಇದ್ರಲ್ಲಿ ಹಾಜರಿಗೊಂದು ಅಂಗಿ ಹೊಲಿದುಬಿಡು ಮಗಳೇ. ಪಕ್ಕಕ್ಕೆ ಆ ಹೊಳೆಯೋ ರೇಡಿಯಂ ಪಟ್ಟಿ ಹಾಕು" ಎಂದಳು. ಟೈಲರಮ್ಮ ಹೊಲಿದುಕೊಟ್ಟಳು. ಎರಡು ಚಳಿಗಾಲ ಚೆನ್ನಾಗಿಯೇ ನಡೆಯಿತು. ದೂರದಿಂದ ಎರಡು ಬೆಳ್ಳಿ ಗೆರೆ ಕುಣಿಯುತ್ತ ಬಂದರೆ ಹಾಜರಿ ಬಂದಿತು ಎಂದು ಗಾಡಿಯವರು ಬ್ರೇಕ್ ಒತ್ತುತ್ತಿದ್ದರು.

ಮೂರನೆಯ ಚಳಿಗಾಲಕ್ಕೆ ಪಟ್ಟಿ ಸಿಪ್ಪೆ ಎದ್ದಿತು. ಅಜ್ಜಿ ಕೋಟನ್ನು ಮತ್ತೆ ಅಂಗಡಿಗೆ ತಂದುಕೊಟ್ಟಳು. ಆಮೇಲೆ ನಡೆದದ್ದು ಎಲ್ಲ ಟೈಲರ್ ಅಂಗಡಿಗಳಲ್ಲೂ ನಡೆಯುವಂಥದ್ದೇ. ಅಜ್ಜಿ ಬಂದಾಗಲೆಲ್ಲ ಟೈಲರಮ್ಮ ತಲೆ ಎತ್ತದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಆಗೋಯ್ತು ಅಜ್ಜಿ, ಒಂದು ಪಕ್ಕೆಯ ಪಟ್ಟಿ ಒಂದೇ ಬಾಕಿ" ಎನ್ನುತ್ತಿದ್ದಳು. ಕೋಟು ಇನ್ನೂ ಗಂಟಿನಿಂದ ಈಚೆಗೇ ಬಂದಿರಲಿಲ್ಲ. ಇದು ಸುಳ್ಳು ಎಂದು ಅವಳಿಗೆ ಯಾವತ್ತೂ ಅನಿಸಿದ್ದಿಲ್ಲ. ಬಟ್ಟೆ ಕತ್ತರಿಸುವ ಮೊದಲೇ ಗುಂಡಿ ಒಂದೇ ಬಾಕಿ ಅನ್ನುವುದು ಕಸುಬಿನ ಮಾತು. ಬಂದವರಿಗೂ ಅದು ಗೊತ್ತು.

ಅದೇ ವಾರ ಮಗಳಿಗೆ ಪಕ್ಕದೂರಿನ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಶುರುವಾಯಿತು. ಕತ್ತಲಿರುವಾಗಲೇ ಎದ್ದು ಲಾರಿ ರಸ್ತೆಯ ಬದಿಯಲ್ಲಿ ಒಂದೂವರೆ ಮೈಲಿ ನಡೆದು ಬಸ್ಸು ಹಿಡಿಯಬೇಕು. ಜೊತೆಗೆ ಹೋಗೋಣವೆಂದರೆ ಟೈಲರಮ್ಮನಿಗೆ ಶಾಲೆಯ ಯೂನಿಫಾರಂ ಕೆಲಸ ಕತ್ತಿನವರೆಗೆ ಬಂದಿತ್ತು. ಅಂಗಡಿಯಲ್ಲಿ ರೇಡಿಯಂ ಪಟ್ಟಿ ಉಳಿದದ್ದು ಒಂದೂವರೆ ಮೊಳ. ಅದನ್ನು ಮಗಳ ಜಾಕೆಟ್ಟಿನ ಬೆನ್ನಿಗೂ ತೋಳಿಗೂ ಹಾಕಿದಳು. ಹಾಕುವಾಗ ನಾಯಿಯ ನೆನಪೇ ಬರಲಿಲ್ಲ. ಬಂದಿದ್ದರೂ ಅಲ್ಲಿಗೇ ಹಾಕುತ್ತಿದ್ದಳು.

ಒಂಬತ್ತನೆಯ ದಿನ ಅಜ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ನಿನ್ನ ಬಾಕಿ ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ನಾಯಿ ಬರೀ ಮೈಯಲ್ಲಿ ನಡುಗ್ತಾ ಇದೆ. ಇವತ್ತು ಕೋಟು ತಗೊಂಡೇ ಏಳೋದು ನಾನು."

ಇಬ್ಬರು ಗಿರಾಕಿಗಳು ಎದುರಿಗಿದ್ದರು. ಒಬ್ಬಾಕೆ ಮುಸಿಮುಸಿ ನಕ್ಕಳು. ಟೈಲರಮ್ಮನಿಗೆ ಮುಖ ಕೆಂಪಾಯಿತು. ಡಬ್ಬಿಯಲ್ಲಿ ಬೂದು ಬಣ್ಣದ ಸ್ಯಾಟಿನ್ ರಿಬ್ಬನ್ ಇತ್ತು. ಅಷ್ಟೇ ಅಗಲ, ಅದೇ ಬಣ್ಣ. ಹತ್ತು ನಿಮಿಷದಲ್ಲಿ ಎರಡು ಪಕ್ಕೆಗೂ ಹೊಲಿದು, ದಾರ ಹಲ್ಲಿನಲ್ಲಿ ಕಡಿದು, "ಹೊಸಾ ಪಟ್ಟಿ ಅಜ್ಜಿ, ತಗೊಳ್ಳಿ" ಎಂದಳು. ಶನಿವಾರ ಪಟ್ಟಿಯ ಸುರುಳಿ ಬರುವುದಿತ್ತು. ಬಂದ ತಕ್ಷಣ ಬದಲಾಯಿಸಿದರಾಯಿತು. ಹಗಲಲ್ಲಿ ನೋಡಿದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಜ್ಜಿ ಹರಸಿ ಹೋದಳು.

ಶನಿವಾರ ಸುರುಳಿ ಬಂತು. ಗೋಡೆಯ ಮೊಳೆಗೆ ನೇತುಹಾಕಿದಳು. ಭಾನುವಾರ ಇಡೀ ದಿನ ಕಾಜ ತೆಗೆದಳು, ಸೋಮವಾರ ಮಿಷನ್ನಿನ ಬೆಲ್ಟು ಹರಿಯಿತು, ಮಂಗಳವಾರ ಏನಾಯಿತೋ. ಬುಧವಾರ ನಸುಕಿನಲ್ಲಿ ಬೇಕರಿಯ ಬ್ರೆಡ್ ವ್ಯಾನು ಹಾಜರಿಗೆ ಬಡಿಯಿತು.

ಅವಳು ಓಡಿಹೋಗುವ ಹೊತ್ತಿಗೆ ಜನ ಸುತ್ತ ನಿಂತಿದ್ದರು. ವ್ಯಾನಿನ ಡ್ರೈವರು ನಾಯಿಯ ಪಕ್ಕ ಮಂಡಿಯೂರಿ ಕೂತು ಒಂದೇ ಸಮನೆ ಹೇಳುತ್ತಿದ್ದ: "ಲೈಟ್ ಹಾಕಿದ್ದೆ. ನಿಧಾನಕ್ಕೇ ಬರ್ತಿದ್ದೆ. ಏನೂ ಹೊಳೀಲಿಲ್ಲ. ಏನೇನೂ ಹೊಳೀಲಿಲ್ಲ."

"ಹೊಸಾ ಪಟ್ಟಿ ಕಣೋ! ಹೋದ ವಾರ ಹಾಕಿಸಿದ್ದು! ಕುರುಡನಿಗೂ ಕಾಣ್ತಿತ್ತು!" ಅಜ್ಜಿ ಅವನ ಹೆಗಲಿಗೆ ಗುದ್ದುತ್ತ ಅಳುತ್ತಿದ್ದಳು. ಟೈಲರಮ್ಮನನ್ನು ಕಂಡು, "ಬಾ, ನೀನೇ ಹೇಳು. ಹೊಸದು ಹಾಕಿದ್ಯೋ ಇಲ್ವೋ?"

ಎಲ್ಲರ ಮುಖವೂ ಅವಳ ಕಡೆ ತಿರುಗಿತು. ಡ್ರೈವರಿನದೂ.

"ಹೂಂ" ಎಂದಳು ಟೈಲರಮ್ಮ.

ಅಷ್ಟೇ. ಅದಕ್ಕಿಂತ ಹೆಚ್ಚು ಅವಳು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೋಟಿನ ಮೇಲೆ ಒಂದು ಟಾರ್ಚು ಬಿಟ್ಟು ನೋಡುವ ಯೋಚನೆ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಬೆಳಕೂ ಹರಿದಿತ್ತು. ಸ್ಟೀರಿಂಗ್ ಮೇಲೆ ನಿದ್ದೆ ಹೋಗಿದ್ದಾನೆ ಎಂದು ತೀರ್ಮಾನವಾಯಿತು. ಅವನ ವ್ಯಾನು ಹೋದ ಬೀದಿಯಲ್ಲಿ ಜನ ಬ್ರೆಡ್ ಕೊಳ್ಳುವುದನ್ನು ಬಿಟ್ಟರು. ತಿಂಗಳೊಳಗೆ ಬೇಕರಿಯವರು ಅವನನ್ನು ತೆಗೆದರು. ಈಗ ತರಕಾರಿ ಮಂಡಿಯಲ್ಲಿ ಕ್ರೇಟು ಹೊರುತ್ತಾನೆ. ಶಾಲೆಯಲ್ಲಿ ಅವನ ಮಗನನ್ನು ಮಕ್ಕಳು 'ಗೊರಕೆ' ಎಂದು ಕರೆಯುತ್ತಾರಂತೆ. ಇದೆಲ್ಲ ಅವಳಿಗೆ ಅಂಗಡಿಯಲ್ಲಿ ಕೂತಲ್ಲಿಗೇ ಸುದ್ದಿಯಾಗಿ ಬರುತ್ತಿತ್ತು. ಸುದ್ದಿ ತಂದವರ ಮುಂದೆ ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಪರದೆಯ ಅಳತೆ ತೆಗೆದು ಬಂದ ಮಾರನೆಯ ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ಕಂಕುಳಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ಹಾಜರಿಯ ಕೋಟು.

"ಪ್ರತಿಮೆ ಪಕ್ಕದಲ್ಲೇ ಗಾಜಿನ ಪೆಟ್ಟಿಗೇಲಿ ಇಡ್ತೀವಮ್ಮ. ಸ್ವಲ್ಪ ಒಗೆದು, ಎಲ್ಲಾದ್ರೂ ಬಿಟ್ಟಿದ್ರೆ ಒಂದು ಹೊಲಿಗೆ ಹಾಕಿಕೊಡು. ಒಳಗೆ ಲೈಟ್ ಬೇರೆ ಹಾಕಿಸ್ತಿದೀವಿ, ಸಂಜೆ ಹೊತ್ತು ಪಟ್ಟಿ ಫಳಫಳ ಹೊಳೀಬೇಕು!"

"ಲೈಟ್ ಯಾಕೆ ಮೇಷ್ಟ್ರೇ? ಖಾಲಿ ಕೋಟು ಸಾಕಲ್ವಾ?"

"ಸಾಕು ಅಂದ್ರೆ ಹೇಗಮ್ಮ? ಇಷ್ಟು ಹೊಳೆಯೋ ಪಟ್ಟಿ ಆ ಮನುಷ್ಯನಿಗೆ ಕಾಣಲಿಲ್ವಲ್ಲ ಅಂತ ನೋಡಿದವರಿಗೆ ಗೊತ್ತಾಗ್ಬೇಡ್ವಾ?" ಮೇಷ್ಟ್ರು ಜೇಬಿನಿಂದ ಕಾಗದ ತೆಗೆದು ಕನ್ನಡಕ ಏರಿಸಿದರು. "ಕಲ್ಲಿನಲ್ಲಿ ಕೆತ್ತೋ ಮಾತು ಕೇಳು. 'ಮನೆಮನೆಯ ಬಂಧು ಹಾಜರಿ. ನಿದ್ದೆಗಣ್ಣಿನ ಚಾಲಕನೊಬ್ಬನ ಅಜಾಗರೂಕತೆಗೆ ಬಲಿಯಾದ ಮೂಕಜೀವ.' ಹೇಗಿದೆ?"

"ಆ ಎರಡನೇ ಮಾತು... ಬೇಕಾ ಮೇಷ್ಟ್ರೇ?"

"ಬೇಕೇ ಬೇಕು. ಕಲ್ಲು ಸುಳ್ಳು ಹೇಳಬಾರ್ದು ನೋಡು" ಎಂದು ಕಾಗದ ಮಡಚಿ ಹೊರಟರು. ಮೆಟ್ಟಿಲಿಳಿದವರು ತಿರುಗಿ, "ನಾಡಿದ್ದು ಬೆಳಗ್ಗೆ ಬೇಕು. ಗುಂಡಿ ಬಾಕಿ, ಗಿಂಡಿ ಬಾಕಿ ಅನ್ನಬೇಡ" ಎಂದರು.

ಟೈಲರಮ್ಮ ಬಾಗಿಲು ಅರ್ಧ ಎಳೆದಳು. ಕೋಟು ಅವಳ ಮಡಿಲಿನಲ್ಲಿತ್ತು. ರೇಡಿಯಂ ಸುರುಳಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ರಿಬ್ಬನ್ ಬಿಚ್ಚಿ, ಅದೇ ಸೂಜಿತೂತುಗಳ ಮೇಲೆ ನಿಜವಾದ ಪಟ್ಟಿ ಕೂರಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಪೆಟ್ಟಿಗೆಯಲ್ಲಿ ದೀಪ ಹತ್ತುತ್ತದೆ, ಪಟ್ಟಿ ಹೊಳೆಯುತ್ತದೆ, ಕಲ್ಲಿನ ಮಾತು ಸತ್ಯವಾಗುತ್ತದೆ. ಬಿಚ್ಚದಿದ್ದರೆ ದೀಪ ಹತ್ತಿದ ದಿನವೇ ಎಲ್ಲರೂ ಕಣ್ಣು ಕಿರಿದು ಮಾಡಿ, ಇದೇನು ಹೊಳೆಯುತ್ತಲೇ ಇಲ್ಲವಲ್ಲ ಎನ್ನುತ್ತಾರೆ.

ಒಂದು ಪಕ್ಕೆಯ ರಿಬ್ಬನ್ ಬಿಚ್ಚಿದಳು. ಹೊಸ ಪಟ್ಟಿ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿದಳು. ಮಿಷನ್ನಿನ ಸೂಜಿಯ ಕೆಳಗೆ ತಳ್ಳಿ, ಬಟ್ಟೆ ಒತ್ತಿಹಿಡಿಯುವ ಪಾದ ಇಳಿಸಿ ಕೂತಳು. ಕಾಲು ತುಳಿಯಲಿಲ್ಲ.

ಮಗಳು ಡ್ಯೂಟಿ ಮುಗಿಸಿ ಬಂದದ್ದು ಅದೇ ಹೊತ್ತಿಗೆ. ಜಾಕೆಟ್ ಬಿಚ್ಚಿ ಕುರ್ಚಿಗೆ ಎಸೆದು, ಹೂಜಿಯಿಂದ ಎರಡು ಲೋಟ ನೀರು ಗಟಗಟ ಕುಡಿದು, ಬಟ್ಟೆಯ ರಾಶಿಯ ಮೇಲೆ ಧೊಪ್ಪನೆ ಕೂತಳು.

"ಅಮ್ಮಾ, ಇವತ್ತು ಬೆಳಗ್ಗೆ ನಮ್ಮ ವಾರ್ಡಿಗೆ ಯಾರು ಬಂದಿದ್ರು ಗೊತ್ತಾ? ಬ್ರೆಡ್ ವ್ಯಾನಿನ ಅಣ್ಣ."

"ಏನಾಯ್ತಂತೆ ಅವನಿಗೆ?"

"ಏನೂ ಆಗಿಲ್ಲ, ಅದೇ ತಮಾಷೆ. ನಿದ್ದೆ ಕಾಯಿಲೆ ಇದೆ, ಮಾತ್ರೆ ಕೊಡಿ ಅಂತ ಕೂತಿದ್ದ. ದಿನಕ್ಕೆಷ್ಟು ಸಲ ನಿದ್ದೆ ಬರುತ್ತೆ ಅಂದ್ರು ಡಾಕ್ಟರು. ಒಂದೇ ಸಲ ಬಂದಿದ್ದು ಅಂದ. ನಿಂಗೆ ಹೇಗೆ ಗೊತ್ತಾಯ್ತು ಅಂದ್ರೆ, 'ನಂಗೆ ಗೊತ್ತಿಲ್ಲ ಸಾರ್, ಊರಿಗೆಲ್ಲ ಗೊತ್ತು' ಅಂತಾನೆ." ಮಗಳು ನಗಲು ಹೋದವಳು ನಿಲ್ಲಿಸಿದಳು. "ಪಾಪ ಅಮ್ಮ. ಮಗನ್ನ ಸೈಕಲ್ಲಲ್ಲಿ ಕೂರಿಸಿಕೊಂಡೂ ಹೋಗಲ್ವಂತೆ. ಎಲ್ಲಿ ನಿದ್ದೆ ಬಂದುಬಿಡುತ್ತೋ ಅಂತ ಭಯ."

ಟೈಲರಮ್ಮ ಮಿಷನ್ನಿನ ಪಾದ ಎತ್ತಿ ಕೋಟನ್ನು ಈಚೆಗೆ ಎಳೆದಳು. ಇಷ್ಟು ದಿನ ಅವಳ ಲೆಕ್ಕದಲ್ಲಿ ಒಂದು ಸಮಾಧಾನವಿತ್ತು: ಊರು ಏನಾದರೂ ಅನ್ನಲಿ, ಆ ಮನುಷ್ಯನಿಗೆ ಮಾತ್ರ ತಾನು ಎಚ್ಚರವಾಗಿದ್ದೆ ಎಂದು ಗೊತ್ತಿದೆಯಲ್ಲ. ತಾನು ಕಿತ್ತುಕೊಂಡದ್ದು ಅವನ ಕೆಲಸವನ್ನು, ಅಬ್ಬಬ್ಬಾ ಎಂದರೆ ಮರ್ಯಾದೆಯನ್ನು. ಅವನ ಕಣ್ಣು ಕಂಡದ್ದನ್ನೇ ಅವನಿಂದ ಕಿತ್ತುಕೊಂಡಿದ್ದೇನೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಮಗಳಿಗೆ ಹೇಳಿದಳು. ಹೇಳಬಾರದೆಂದು ಎಂಟು ತಿಂಗಳು ಹಲ್ಲು ಕಚ್ಚಿದ್ದಳು. ಹುಡುಗಿ ಆ ಜಾಕೆಟ್ ತೊಟ್ಟು ದಿನಾ ಕತ್ತಲಲ್ಲಿ ನಡೆಯಬೇಕಲ್ಲ ಎಂಬ ಅಂಜಿಕೆ. ರಿಬ್ಬನ್ನಿನಿಂದ ಹಿಡಿದು ಹೂಂ ಎಂದದ್ದರವರೆಗೆ ಎಲ್ಲ ಹೇಳಿ, "ನಿನ್ನಿಂದ ಆಗಿದ್ದಲ್ಲ ಪುಟ್ಟಿ. ಸುರುಳಿ ಬಂದು ನಾಲ್ಕು ದಿನ ಮೊಳೆಗೆ ನೇತಾಡ್ತಾ ಇತ್ತು. ನನ್ನ ಸೋಮಾರಿತನ" ಎಂದಳು.

ಮಗಳು ಕುರ್ಚಿಯಿಂದ ಜಾಕೆಟ್ ಎತ್ತಿಕೊಂಡು ತೋಳಿನ ಪಟ್ಟಿಯನ್ನು ಬೆರಳಿನಿಂದ ಸವರಿದಳು. ಆಮೇಲೆ, "ಆ ಅಣ್ಣಂಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ನಂಗ್ಯಾಕೆ ಮೊದಲು ಹೇಳ್ದೆ? ನಾನೇನು ಮಾಡ್ಲಿ ಇದನ್ನ?"

ಟೈಲರಮ್ಮ ಎದ್ದಳು. ಕೋಟನ್ನು ಇದ್ದ ಹಾಗೆಯೇ, ಒಂದು ಪಕ್ಕೆಗೆ ಪಟ್ಟಿ, ಒಂದು ಪಕ್ಕೆಗೆ ರಿಬ್ಬನ್, ಕಾಗದದಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು.

ಡ್ರೈವರಿನ ಮನೆ ಸೈಕಲ್ ರಿಪೇರಿ ಅಂಗಡಿಯ ಹಿಂದೆ, ಎರಡು ಕೋಣೆ. ಅವನು ಮಂಡಿಯಿಂದ ಬಂದು ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದ. ಅವಳನ್ನು ಕಂಡು ಗಾಬರಿಯಾಗಿ ಟವೆಲ್ ಹೆಗಲಿಗೆ ಹಾಕಿಕೊಂಡ.

"ಬನ್ನಿ ಅಕ್ಕ. ಮಗನ ಯೂನಿಫಾರಂ ರೆಡಿ ಆಯ್ತಾ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ಯೂನಿಫಾರಂ ಅಲ್ಲಪ್ಪ. ಒಂದು ಟಾರ್ಚ್ ಇದ್ಯಾ?"

ಅವನು ತಂದ. ಹಗಲು ಇನ್ನೂ ಇತ್ತು, ಆದರೆ ಒಳಕೋಣೆ ಕತ್ತಲಾಗಿತ್ತು. ಕೋಟನ್ನು ಗೋಡೆಗೆ ಒರಗಿಸಿ ಹಿಡಿದು, "ಬಿಡಿ" ಎಂದಳು. ಅವನು ಬೆಳಕು ಬಿಟ್ಟ. ಒಂದು ಪಟ್ಟಿ ಧಗ್ಗೆಂದು ಹೊಳೆಯಿತು. ಕೋಟು ತಿರುಗಿಸಿದಳು. ಇನ್ನೊಂದು ಪಕ್ಕೆ ಮಣ್ಣಿನ ಗೋಡೆಯ ಹಾಗೆ ಸುಮ್ಮನಿತ್ತು.

"ಇವತ್ತು ನಾನು ಹಾಕಿದ್ದು ಅದು. ಆವತ್ತು ಹಾಜರಿ ಮೈಮೇಲೆ ಇದ್ದಿದ್ದು ಇದು. ಎರಡೂ ಕಡೆ ಇದೇ. ಇದು ಬರೀ ರಿಬ್ಬನ್ನು. ಹೊಳೆಯೋದಲ್ಲ. ನೀವು ಎಚ್ಚರವಾಗೇ ಇದ್ರಿ."

ಅವನು ಟಾರ್ಚ್ ಆರಿಸಲಿಲ್ಲ. ರಿಬ್ಬನ್ನಿನ ಮೇಲೆ ಬೆಳಕನ್ನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಿಸಿದ. ಹತ್ತಿರ ಹೋಗಿ, ದೂರ ಬಂದು ಮತ್ತೆ ಬಿಟ್ಟ.

"ಆವತ್ತು ಕೇಳಿದಾಗ ಹೂಂ ಅಂದ್ರಲ್ಲ ಅಕ್ಕ."

"ಅಂದೆ."

"ನನ್ನ ಮುಖ ನೋಡ್ಕೊಂಡೇ ಅಂದ್ರಿ."

"ನೋಡ್ಕೊಂಡೇ ಅಂದೆ."

ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಅಡುಗೆ ಮನೆಯ ಕಡೆ ತಿರುಗಿ, "ಏ, ಇಲ್ಲಿ ಬಾ" ಎಂದು ಹೆಂಡತಿಯನ್ನು ಕರೆದ. ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು. "ಇವಳ ಮುಂದೆ ಹೇಳಿ ಅಕ್ಕ. ಮೊದಲಿಂದ ಹೇಳಿ. ನಾನೇ ಇವಳಿಗೆ ನಿದ್ದೆ ಹೋಗಿದ್ದೆ ಅಂತ ಒಪ್ಪಿಕೊಂಡುಬಿಟ್ಟಿದೀನಿ."

ಟೈಲರಮ್ಮ ಮೊದಲಿನಿಂದ ಹಿಡಿದು ಮೇಷ್ಟ್ರು ಕಲ್ಲಿನಲ್ಲಿ ಕೆತ್ತಿಸಲಿರುವ ಮಾತಿನವರೆಗೆ ಹೇಳಿದಳು. ಹೆಂಡತಿ ಕೋಟನ್ನು ಕೈಯಿಂದ ಕಿತ್ತುಕೊಂಡು ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಎಂಟು ತಿಂಗಳು" ಎಂದಳು. "ನಮ್ಮ ಮಗನ ಚಡ್ಡಿ ಅಳತೆ ತೆಗೆದ್ರಿ ಹೋದ ತಿಂಗಳು. ಎರಡು ಸಲ ಬಂದು ಹೋದೆ ನಾನು. ಕುರ್ಚಿ ಹಾಕಿ ಕೂರಿಸಿದ್ರಿ. ಆವಾಗ್ಲೂ ಬಾಯಿ ಬರ್ಲಿಲ್ವಾ ನಿಮಗೆ?"

"ಬರ್ಲಿಲ್ಲ ತಾಯಿ."

ಮೂಲೆಯ ಮಂಚದಲ್ಲಿ ಮಲಗಿದ್ದ ಡ್ರೈವರಿನ ಅಪ್ಪ ಎದ್ದು ಕೂತಿದ್ದ. ಅವನಿಗೆ ಕಿವಿ ಮಂದ. "ಏನಂತೆ? ಯಾಕಳ್ತಿದಾಳೆ ಸೊಸೆ?"

"ಅವರಿಗೂ ಹೇಳಿ" ಎಂದ ಮಗ.

ಹತ್ತಿರ ಹೋಗಿ ಹೇಳಿದಳು. ಮುದುಕ ಕಿವಿಗೆ ಅಂಗೈ ಹಿಡಿದು, "ಜೋರಾಗಿ ಹೇಳು ಮಗಳೇ, ಗುಟ್ಟು ಮಾತಾಡ್ಬೇಡ" ಎಂದ. ಜೋರಾಗಿ ಹೇಳಿದಳು. ಕಿಟಕಿಯ ಆಚೆ ಸೈಕಲ್ ರಿಪೇರಿಯವನ ಸುತ್ತಿಗೆಯ ಸದ್ದು ನಿಂತಿತು.

"ಮೇಷ್ಟ್ರ ಮುಂದೆ ಹೇಳ್ತೀರಾ?" ಡ್ರೈವರು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಕಾಗದಪತ್ರ ಸರಿ ಇದೆಯೇ ಎಂದು ನೋಡುವವನ ಹಾಗೆ ಕೇಳಿದ. "ಕಲ್ಲು ಕೆತ್ತೋಕೆ ಶುರು ಮಾಡೋ ಮೊದಲು?"

"ಈಗಲೇ ಹೇಳ್ತೀನಿ. ನಡೀರಿ."

ಅವನು ಒಗೆದ ಶರ್ಟು ಹಾಕಿಕೊಂಡು, ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿ, ಕೂದಲು ಬಾಚಿಕೊಂಡ. ತಾನೂ ಬರುತ್ತೇನೆಂದು ಮುದುಕ ಹಟ ಹಿಡಿದ. ಕೋಲು ಸಿಗಲಿಲ್ಲ, ಸೊಸೆ ಹುಡುಕುವಷ್ಟರಲ್ಲಿ ಅವನು ಟೈಲರಮ್ಮನ ಮುಂಗೈಯನ್ನೇ ಬಿಗಿಯಾಗಿ ಹಿಡಿದುಕೊಂಡ.

ನಾಲ್ವರೂ ಬೀದಿಗಿಳಿದರು. ಮುದುಕನ ಹೆಜ್ಜೆ ಚಿಕ್ಕದು, ಅವನ ಜೊತೆ ಬೇಗ ನಡೆಯುವ ಹಾಗಿರಲಿಲ್ಲ. ದಿನಸಿ ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತ. ಹಾಲಿನ ಬೂತಿನ ಅಜ್ಜಿ ಡ್ರೈವರನ್ನು ಕಂಡು ಮುಖ ತಿರುಗಿಸಿದವಳು, ಅವನ ಜೊತೆಗಿರುವುದು ಯಾರೆಂದು ಮತ್ತೆ ತಿರುಗಿ ನೋಡಿದಳು.

"ಅಲ್ಲಾ ಮಗಳೇ" ಎಂದ ಮುದುಕ, ಕಿವುಡರು ಮಾತಾಡುವಷ್ಟು ದೊಡ್ಡದಾಗಿ. "ಅರ್ಧ ಕೇಳಿಸ್ತು, ಅರ್ಧ ಕೇಳಿಸಲಿಲ್ಲ. ನನ್ನ ಮಗ ನಿದ್ದೆ ಮಾಡಿರಲಿಲ್ಲ ಅಂದ್ಯಾ?"

"ಮಾಡಿರಲಿಲ್ಲ!"

"ಹಂಗಾದ್ರೆ ತಪ್ಪು ಯಾರದು?"

ಮೇಷ್ಟ್ರ ಮನೆಗೆ ಇನ್ನೂ ಎರಡು ಬೀದಿ ನಡೆಯಬೇಕಿತ್ತು. ಅಜ್ಜಿ ಬೂತಿನಿಂದ ಅರ್ಧ ಹೊರಗೆ ಬಗ್ಗಿದ್ದಳು. ಟೈಲರಮ್ಮ ನಿಂತಳು, ಮುದುಕನ ಕಿವಿಯ ಹತ್ತಿರಕ್ಕೆ ಬಾಯಿ ಒಯ್ಯಬಹುದಿತ್ತು, ಒಯ್ಯಲಿಲ್ಲ.

"ನನ್ನದು ತಾತ" ಎಂದು ಗಂಟಲು ಬಿಚ್ಚಿ ಕೂಗಿದಳು. "ತಪ್ಪು ನನ್ನದು!"